ಗಂಡಸಿನ ಸೂಟು ಬಿಚ್ಚಿ 1943ರ ಲಂಡನ್ ಹೊಲಿದೆ

ನಾಟಕ ನಡೆಯುವುದು 1943ರ ಲಂಡನ್‌ನಲ್ಲಿ. ನಾಯಕಿ ಮದ್ದುಗುಂಡಿನ ಕಾರ್ಖಾನೆಯವಳು. "ವೋಗ್ ಫ್ಯಾಶನ್ ಪತ್ರಿಕೆಯ ಮುಖಪುಟ ನೋಡಿ ಹೊಲಿಯಮ್ಮ, ಸಾಕು" ಅಂದರು ನಿರ್ದೇಶಕರು. ನಾನು ಒಪ್ಪಲಿಲ್ಲ.

ಆಗಿನ ಬ್ರಿಟಿಷ್ ಮಹಿಳಾ ಪತ್ರಿಕೆಗಳ ಸ್ಕ್ಯಾನ್‌ಗಳನ್ನು ಎರಡು ತಿಂಗಳು ತಿರುವಿ ಹಾಕಿದ್ದೆ. ಮುಖಪುಟ ಬಿಡಿ, ಹಿಂದಿನ ಪುಟಗಳ ಹೊಲಿಗೆ, ಹೆಣಿಗೆ ಸಲಹೆ ನೋಡಿ. ಅಸಲಿ ಬಟ್ಟೆ ಇರೋದು ಅಲ್ಲಿ. 1941ರ ಜೂನ್‌ನಿಂದ ಬಟ್ಟೆಗೂ ರೇಷನ್. ಮೊದಲ ವರ್ಷ ತಲೆಗೆ 66 ಕೂಪನ್, ಒಂದು ಉಣ್ಣೆ ಫ್ರಾಕಿಗೇ 11 ಹೋಗುತ್ತಿತ್ತು. ಹೊಸದು ಎಲ್ಲಿಂದ ತರ್ತಾಳೆ? ಯುದ್ಧಕ್ಕೆ ಹೋದ ಗಂಡನ ಸೂಟನ್ನೇ ಬಿಚ್ಚುತ್ತಾಳೆ. ನಾನೂ ಅದನ್ನೇ ಮಾಡ್ತೀನಿ ಅಂದೆ.

ನಮ್ಮ ಟೈಲರ್ ಮಾಸ್ಟರ್ ನಕ್ಕರು. "ಪ್ಯಾಂಟಲ್ಲಿ ಸ್ಕರ್ಟ್ ಬರಲ್ಲಮ್ಮ."

ಮೊದಲೆರಡು ಸಲ ಬರಲೂ ಇಲ್ಲ. ಸಂಡೇ ಬಜಾರ್‌ನಲ್ಲಿ ನಾನೂರೋ ನಾನೂರೈವತ್ತೋ ಕೊಟ್ಟು ತಂದ ಸೂಟಿಗೆ ಬಿಚ್ಚದೆ ಕತ್ತರಿ ಹಾಕಿದೆ, ಹಾಳಾಯಿತು. ಎರಡನೆಯದನ್ನು ಬಿಚ್ಚಿ, ಒಗೆದು ಹೊಲಿದೆ. ಸೊಂಟದಲ್ಲಿ ಜೋಳಿಗೆ, ಕೆಳಗೆ ಹೆಜ್ಜೆ ಇಡಲಾಗದಷ್ಟು ಬಿಗಿ. ಮೂರನೇ ಸಲ ಕಾಲುಗಳನ್ನು ತಲೆಕೆಳಗು ಮಾಡಿದೆ. ಪಾದದ ಕಡೆಯ ಅಂಚು ಸೊಂಟಕ್ಕೆ, ಅಗಲವಾದ ತೊಡೆ ಕೆಳಗೆ. ಸೊಂಟಕ್ಕೆ ಕೂರಲಿ ಅಂತ ನಾಲ್ಕು ಡಾರ್ಟ್ (ಚೂಪು ಮಡಿಕೆ ಹೊಲಿಗೆ) ಹಿಡಿದೆ, ಕೂತಿತು ನೋಡಿ! ಮೊಣಕಾಲಿನ ಉಬ್ಬು ಹೋಗಿದ್ದು ಒದ್ದೆ ಬಟ್ಟೆ ಮತ್ತು ಇಸ್ತ್ರಿಯಿಂದ. ಜೊತೆಗೆ ಇನ್ನೊಂದು ಗುಟ್ಟು ಇದೆ, ಅದು ನನ್ನ ಹತ್ತಿರವೇ ಇರಲಿ.

ಕೋಟಿನ ಹೊರಮೈ ಸವೆದಿತ್ತು. ಪೂರ್ತಿ ಬಿಚ್ಚಿ ಒಳಮೈ ಹೊರಗೆ ಮಾಡಿದೆ. ಎಡಗಡೆಯ ಕಾಜಾಗಳು ತಾವಾಗಿಯೇ ಬಲಕ್ಕೆ ಬಂದವು. ಹೆಂಗಸರ ಕೋಟಿಗೆ ಬೇಕಾಗಿದ್ದೂ ಬಲಗಡೆಯೇ ಅಲ್ವಾ! ಎದೆಯ ಜೇಬೂ ಬಲಕ್ಕೆ ಬಂತು. ಮಾಸ್ಟರ್ "ತಪ್ಪಾಯ್ತು" ಅಂದರು. ತಪ್ಪಲ್ಲ, ಮಗುಚಿ ಹೊಲಿದ ಕೋಟಿನ ಗುರುತೇ ಅದು. ಸುಮ್ನೆ ಬಿಟ್ಟೆ.

ಕಾರ್ಖಾನೆ ದೃಶ್ಯಕ್ಕೆ ಪ್ಯಾಂಟು, ತಲೆಗೆ ಸುತ್ತಿದ ಸ್ಕಾರ್ಫು. 1941ರ ಡಿಸೆಂಬರ್ ಕಾನೂನಿನಿಂದ 20ರಿಂದ 30 ವಯಸ್ಸಿನ ಮದುವೆಯಾಗದ ಹೆಂಗಸರನ್ನು ಯುದ್ಧದ ಕೆಲಸಕ್ಕೆ ಕರೆಯಲು ಶುರುಮಾಡಿದ್ದರು. ಕೂದಲು ಯಂತ್ರಕ್ಕೆ ಸಿಕ್ಕೀತು ಅಂತ ವೋಗ್ ಕೂಡ ಗಿಡ್ಡ ಕೂದಲನ್ನು ಫ್ಯಾಶನ್ ಮಾಡಿತು. ಕೆಲಸಕ್ಕೆ ಹೋಗು, ಚೆಂದ ಮಾತ್ರ ಕೆಡಿಸ್ಕೋಬೇಡ ಅನ್ನೋ ಧಾಟಿ. ನನಗೆ ಇದು ಓದಿ ನಗುವೂ ಬಂತು, ಸಿಟ್ಟೂ ಬಂತು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಕಾಲುಚೀಲ ಸಿಗದವರು ಗ್ರೇವಿಗೆ ಹಾಕುವ ಬಣ್ಣವನ್ನು ಕಾಲಿಗೆ ಬಳಿದು, ಹಿಂದೆ ಹುಬ್ಬಿನ ಪೆನ್ಸಿಲ್‌ನಲ್ಲಿ ಹೊಲಿಗೆಯ ಗೆರೆ ಎಳೆಯುತ್ತಿದ್ದರು. ನಾನು ನಾಯಕಿ ಪಾತ್ರದ ಹುಡುಗಿಯ ಕಾಲಿಗೆ ಕಾಫಿ ಡಿಕಾಕ್ಷನ್ ಬಳಿದೆ. ದೀಪದ ಬಿಸಿಗೆ ಬೆವರಿ ಪಟ್ಟೆಪಟ್ಟೆ, ರಂಗದ ತುಂಬ ಹೋಟೆಲ್ ವಾಸನೆ! ಪಾಪ, ಆ ಹುಡುಗಿ ಇನ್ನೂ ಬೈತಾಳೆ.

ಹಾಳಾಗಿದ್ದೂ ಸೇರಿ ಖರ್ಚು ಎರಡು ಸಾವಿರದ ಆಸುಪಾಸು. ಹೊಸದಾಗಿ ಹೊಲಿಸಿದ್ದರೆ ಏಳೆಂಟು ಸಾವಿರಕ್ಕೆ ಕಡಿಮೆಯಿಲ್ಲ. ಪ್ರದರ್ಶನ ಮುಗಿದ ಮೇಲೆ ಮಾಸ್ಟರ್ ಸ್ಕರ್ಟ್ ತಿರುಗಿಸಿ ಟೇಪ್ ಹಿಡಿದಿದ್ದನ್ನು ನಾನೇ ನೋಡಿದೆ.

ಮುಂದಿನ ನಾಟಕ 1947ರ ಪ್ಯಾರಿಸ್‌ನದಂತೆ. ಫ್ಯಾಶನ್ ವಿನ್ಯಾಸಕ ಡಿಯೋರ್‌ನ ಘೇರುದಾರ್ ಸ್ಕರ್ಟು, ಮೀಟರ್‌ಗಟ್ಟಲೆ ಬಟ್ಟೆ. ದುಡ್ಡು ಮೊದಲು ಕೊಡಿ ಅಂದಿದ್ದೇನೆ.