ಫ್ಲೆಕ್ಸಿಬಲ್ ಸಿಗ್ಮಾಯ್ಡೋಸ್ಕೋಪಿ: ಎನಿಮಾದಿಂದ ಬಯಾಪ್ಸಿ ವರದಿಯವರೆಗೆ

ಮಲದಲ್ಲಿ ರಕ್ತ ಕಂಡಾಗ, ವಾರಗಟ್ಟಲೆ ಭೇದಿ ನಿಲ್ಲದಿದ್ದಾಗ ಅಥವಾ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುವ ಕಾಯಿಲೆ) ಇರುವವರ ಕರುಳಿನ ಉರಿಯೂತ ಎಷ್ಟು ಇಳಿದಿದೆ ಎಂದು ತಿಳಿಯಬೇಕಾದಾಗ ವೈದ್ಯರು ಈ ಪರೀಕ್ಷೆ ಬರೆದುಕೊಡುತ್ತಾರೆ. ಉಪಕರಣ ಎಂದರೆ ಹೆಚ್ಚುಕಡಿಮೆ ಬೆರಳಿನಷ್ಟು ದಪ್ಪದ, ಸುಮಾರು 60 ಸೆಂ.ಮೀ. ಉದ್ದದ, ಬೇಕಾದ ಕಡೆ ಬಾಗುವ ಕೊಳವೆ. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ; ಗಾಳಿ ತುಂಬಲು, ನೀರು ಹಾಯಿಸಲು, ಪುಟ್ಟ ಚಿಮುಟ ತೂರಿಸಲು ಒಳಗೇ ದಾರಿಗಳಿರುತ್ತವೆ.

ಕೊಳವೆ ನೋಡುವುದು ಗುದನಾಳ, ಅದರ ಮೇಲಿನ ಸಿಗ್ಮಾಯ್ಡ್ ತಿರುವು ಮತ್ತು ದೊಡ್ಡ ಕರುಳಿನ ಎಡಭಾಗವನ್ನಷ್ಟೇ. ಬಲಭಾಗ ಕಾಣುವುದೇ ಇಲ್ಲ. ಹಾಗಾಗಿ ‘ನಾರ್ಮಲ್’ ಎಂದು ವರದಿ ಬಂದರೆ ಅದು ನೋಡಿದಷ್ಟು ಭಾಗಕ್ಕೆ ಮಾತ್ರ. ಕಾರಣ ತಿಳಿಯದ ರಕ್ತಹೀನತೆ ಇದ್ದವರಿಗೆ ಇಷ್ಟು ಸಾಲದು, ದೊಡ್ಡ ಕರುಳನ್ನು ಪೂರ್ತಿ ನೋಡುವ ಕೊಲೊನೋಸ್ಕೋಪಿಯೇ ಬೇಕಾಗುತ್ತದೆ.

ದಿನ ಗೊತ್ತಾದ ಕೂಡಲೇ ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಆಸ್ಪತ್ರೆಗೆ ತಿಳಿಸಿ. ವಾರ್ಫರಿನ್, ಕ್ಲೋಪಿಡೋಗ್ರೆಲ್, ಅಪಿಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸುವುದು ಈ ಪರೀಕ್ಷೆಗಿಂತ ಎಷ್ಟೋ ಪಾಲು ಅಪಾಯಕಾರಿ. ಕಬ್ಬಿಣಾಂಶದ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ಬಿಡಿಸುತ್ತಾರೆ, ಅವು ಮಲವನ್ನು ಕಪ್ಪಾಗಿ ಅಂಟುವಂತೆ ಮಾಡುತ್ತವೆ. ಇನ್ಸುಲಿನ್ ಹಾಕಿಕೊಳ್ಳುವವರು ಆ ದಿನದ ಡೋಸ್ ಎಷ್ಟು ಎಂದು ಕೇಳಿಕೊಳ್ಳಿ. ಗರ್ಭಿಣಿಯಾಗಿದ್ದರೆ, ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಅದನ್ನೂ ಹೇಳಿ. ಮುಟ್ಟಾಗಿದ್ದರೆ ಪರೀಕ್ಷೆ ಮುಂದೂಡಬೇಕಿಲ್ಲ.

ಇನ್ನು ಎನಿಮಾ, ಅಂದರೆ ಮಲ ಹೊರಬರಲೆಂದು ಗುದದ್ವಾರದಿಂದ ಹಾಕಿಕೊಳ್ಳುವ ದ್ರವ. ಪರೀಕ್ಷೆ ಕೆಡುವುದಿದ್ದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ. ಸಾಮಾನ್ಯವಾಗಿ ಕೊಡುವುದು 120–130 ಮಿ.ಲೀ. ಆಸುಪಾಸಿನ ಫಾಸ್ಫೇಟ್ ಎನಿಮಾ ಬಾಟಲಿ. ಒಂದೋ ಎರಡೋ ಎಂಬುದು ಆಸ್ಪತ್ರೆಯ ಚೀಟಿಯಲ್ಲಿರುತ್ತದೆ. ಪರೀಕ್ಷೆಗೆ ಒಂದೆರಡು ಗಂಟೆ ಇರುವಾಗ ಹಾಕಿಕೊಳ್ಳಬೇಕು. ತೀರಾ ಮೊದಲೇ ಹಾಕಿಕೊಂಡರೆ ಮೇಲಿನ ಮಲ ಮತ್ತೆ ಕೆಳಗಿಳಿಯುತ್ತದೆ. ಪ್ರಯಾಣ ದೂರದ್ದಾದರೆ ಆಸ್ಪತ್ರೆಯಲ್ಲೇ ಹಾಕುತ್ತೀರಾ ಎಂದು ವಿಚಾರಿಸಿ.

ಟವೆಲ್ ಹಾಸಿ ಎಡ ಮಗ್ಗುಲಿಗೆ ಮಲಗಿ, ಬಲ ಮೊಣಕಾಲನ್ನು ಎದೆಯ ಕಡೆಗೆ ಎಳೆದುಕೊಳ್ಳಿ. ಮುಚ್ಚಳ ತೆಗೆದು, ತುದಿಗೆ ಜೆಲ್ಲಿ ಸವರಿ, ಹೊಕ್ಕುಳಿನ ದಿಕ್ಕಿಗೆ ಮೆಲ್ಲಗೆ ತೂರಿಸಿ. ತಡೆ ಸಿಕ್ಕರೆ ಒತ್ತಬೇಡಿ. ಸ್ವಲ್ಪ ಹಿಂದೆಳೆದು ಕೋನ ಬದಲಿಸಿ. ಬಾಟಲಿಯನ್ನು ಬುಡದಿಂದ ನಿಧಾನವಾಗಿ ಹಿಂಡುತ್ತಾ ಬನ್ನಿ. ಹಿಂಡಿದ ಹಿಡಿತವನ್ನು ಸಡಿಲಿಸದೆಯೇ ಹೊರಗೆಳೆಯಿರಿ, ಇಲ್ಲವಾದರೆ ಒಳಹೋದ ದ್ರವವನ್ನು ಬಾಟಲಿ ವಾಪಸ್ ಹೀರಿಕೊಳ್ಳುತ್ತದೆ. ತಳದಲ್ಲಿ ಸ್ವಲ್ಪ ಉಳಿದರೆ ಗಾಬರಿ ಬೇಡ, ಅದು ಲೆಕ್ಕದಲ್ಲೇ ಇದೆ.

ಆಮೇಲೆ ಐದು ನಿಮಿಷವಾದರೂ ತಡೆದುಕೊಳ್ಳಲು ನೋಡಿ, ಹತ್ತು ನಿಮಿಷ ಮೀರಬೇಡಿ. ಮೊದಲ ಒತ್ತಡಕ್ಕೇ ಎದ್ದು ಓಡಿದರೆ ದ್ರವವಷ್ಟೇ ಹೊರಬಂದು ಮಲ ಒಳಗೇ ಕೂತಿರುತ್ತದೆ. ಅರ್ಧ ಗಂಟೆಯಾದರೂ ಏನೂ ಹೊರಬರದಿದ್ದರೆ ಇನ್ನೊಂದು ಹಾಕಿಕೊಳ್ಳಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಒಳಗೆ ಉಳಿದ ಫಾಸ್ಫೇಟ್ ರಕ್ತಕ್ಕೆ ಸೇರಿ ಲವಣಗಳ ಸಮತೋಲ ಕೆಡಿಸಬಲ್ಲದು. ಇದೇ ಕಾರಣಕ್ಕೆ ಮೂತ್ರಪಿಂಡದ ಕಾಯಿಲೆ ಅಥವಾ ಹೃದಯ ವೈಫಲ್ಯ ಇರುವವರು ಮೊದಲೇ ಹೇಳಿ ಬೇರೆ ಬಗೆಯ ಎನಿಮಾ ಕೇಳಬೇಕು. ‘ಇನ್ನಷ್ಟು ಕ್ಲೀನ್ ಆಗಲಿ’ ಎಂದು ಹಿಂದಿನ ರಾತ್ರಿ ಭೇದಿಯಾಗಿಸುವ ಮಾತ್ರೆ ನುಂಗುವುದೂ ಬೇಡ. ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಮೇಲಿನಿಂದ ನೀರುಮಲ ಹರಿದುಬಂದು ಕ್ಯಾಮೆರಾ ಮುಚ್ಚಿಹೋಗುತ್ತದೆ.

ಪರೀಕ್ಷೆ 10–20 ನಿಮಿಷದ್ದು. ಹೆಚ್ಚಿನವರಿಗೆ ಮಂಪರು ಔಷಧ ಬೇಕಾಗುವುದಿಲ್ಲ. ಬೇಕೆಂದಿದ್ದರೆ ಮೊದಲೇ ಹೇಳಿ, ಏಕೆಂದರೆ ಆಗ ಖಾಲಿ ಹೊಟ್ಟೆಯಲ್ಲಿರಬೇಕು, ಜೊತೆಗೊಬ್ಬರು ಬರಬೇಕು, 24 ಗಂಟೆ ವಾಹನ ಓಡಿಸುವಂತಿಲ್ಲ. ಎಡ ಮಗ್ಗುಲಿಗೆ ಮಲಗಿಸಿ, ಮೊದಲು ಜೆಲ್ಲಿ ಹಚ್ಚಿದ ಬೆರಳಿನಿಂದ ನೋಡಿ, ಆಮೇಲೆ ಕೊಳವೆ ಹಾಕುತ್ತಾರೆ. ಮುದುಡಿರುವ ಕರುಳು ಬಿಚ್ಚಿಕೊಳ್ಳಲಿ ಎಂದು ಗಾಳಿ ಅಥವಾ ಇಂಗಾಲದ ಡೈಆಕ್ಸೈಡ್ ತುಂಬಿದಾಗ ಹೊಟ್ಟೆ ಉಬ್ಬರಿಸಿ ಮಲ ಬಂದಂತೆಯೇ ಅನಿಸುತ್ತದೆ. ಅದು ಅನಿಸಿಕೆಯಷ್ಟೇ. ಹೂಸು ಬಂದರೆ ಬಿಗಿಹಿಡಿಯಬೇಡಿ, ಆ ಕೋಣೆಯವರಿಗೆ ಅದು ದಿನವಿಡೀ ಕೇಳುವ ಸದ್ದು. ನೋವು ಹೆಚ್ಚಾಗಿ ಬರುವುದು ಸಿಗ್ಮಾಯ್ಡ್ ತಿರುವಿನಲ್ಲಿ, ಕೊಳವೆ ಮುಂದೆ ಸಾಗದೆ ಕರುಳನ್ನೇ ಎಳೆದಾಗ. ಆಗ ಹೇಳಿಬಿಡಿ: ಗಾಳಿ ತೆಗೆಯಬಹುದು, ಮಗ್ಗುಲು ಬದಲಿಸಬಹುದು, ಹೊಟ್ಟೆಯನ್ನು ಕೈಯಿಂದ ಒತ್ತಿಹಿಡಿಯಬಹುದು, ನಿಲ್ಲಿಸಲೂಬಹುದು. ಸಹಿಸಿಕೊಂಡು ಸುಮ್ಮನಿರುವುದರಿಂದ ಯಾರಿಗೂ ಉಪಯೋಗವಿಲ್ಲ.

ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಪರೀಕ್ಷಿಸಲು, ಒಳಪದರದ ಚೂರು ತೆಗೆದದ್ದು ಗೊತ್ತೇ ಆಗುವುದಿಲ್ಲ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯದು. ದೊಡ್ಡ ಪಾಲಿಪ್ (ಒಳಪದರದಲ್ಲಿ ಬೆಳೆದ ಗಂಟು) ಸಿಕ್ಕರೆ ಅಲ್ಲೇ ಏಕೆ ತೆಗೆಯಲಿಲ್ಲ ಎಂದು ಹಲವರು ಕೇಳುತ್ತಾರೆ. ಎನಿಮಾ ಮಾತ್ರ ಆಗಿರುವ ಕರುಳಿನಲ್ಲಿ ಹೈಡ್ರೋಜನ್, ಮೀಥೇನ್ ಉಳಿದಿರಬಹುದು, ಪಾಲಿಪನ್ನು ವಿದ್ಯುತ್ತಿನಿಂದ ಸುಟ್ಟು ತೆಗೆಯುವಾಗ ಆ ಅನಿಲಗಳು ಹೊತ್ತಿಕೊಳ್ಳುವ ಅಪಾಯವಿದೆ. ಜೊತೆಗೆ, ಎಡಗಡೆ ಅಡಿನೋಮ ಬಗೆಯ (ಮುಂದೆ ಕ್ಯಾನ್ಸರ್ ಆಗಬಹುದಾದ) ಪಾಲಿಪ್ ಇದ್ದರೆ ಬಲಗಡೆಯೂ ನೋಡಲೇಬೇಕು. ಎರಡೂ ಕೆಲಸ ಕೊಲೊನೋಸ್ಕೋಪಿಯಲ್ಲಿ ಒಟ್ಟಿಗೆ ಮುಗಿಯುತ್ತವೆ.

ಮುಗಿದ ಮೇಲೆ ಸ್ವಲ್ಪ ಓಡಾಡಿ, ಗಾಳಿ ಹೋದಂತೆ ಹೊಟ್ಟೆ ಹಗುರಾಗುತ್ತದೆ. ಊಟಕ್ಕೆ ಪಥ್ಯವಿಲ್ಲ. ಬಯಾಪ್ಸಿ ಆಗಿದ್ದರೆ ಒಂದೆರಡು ಸಲ ಮಲದ ಜೊತೆ ರಕ್ತದ ಎಳೆ ಕಾಣಿಸಬಹುದು. ಆದರೆ ಹೊಟ್ಟೆನೋವು ಹೆಚ್ಚುತ್ತಲೇ ಹೋದರೆ, ಹೊಟ್ಟೆ ಕಲ್ಲಿನಂತೆ ಬಿಗಿದರೆ, ಜ್ವರ ಬಂದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ ಅಥವಾ ತಲೆ ಸುತ್ತಿದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಕರುಳು ತೂತಾಗುವುದು ಬಹಳ ಅಪರೂಪ, ಆದರೆ ಆದಾಗ ಇವೇ ಲಕ್ಷಣಗಳು. ಕಣ್ಣಿಗೆ ಕಂಡದ್ದನ್ನು ವೈದ್ಯರು ಅಂದೇ ಹೇಳುತ್ತಾರೆ. ಬಯಾಪ್ಸಿ ವರದಿ ಯಾವಾಗ ಬರುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ.