ಕಾರವಾರದ ಮನೆಗೆ ಫ್ರೆಂಚ್ ಹಳ್ಳಿಮನೆಯ ಗೋಡೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಹಳ್ಳಿಮನೆಗಳ ಚೆಂದ ಇರುವುದು ದುಬಾರಿ ಸೋಫಾದಲ್ಲಲ್ಲ, ಸುಣ್ಣದ ಗೋಡೆಯಲ್ಲಿ. ಚಿರೆಕಲ್ಲಿನ ಮನೆಗೆ ಅದು ಹೊಸತೇನಲ್ಲ.

ಮಳೆಗಾಲ ಕಳೆದು ಗೋಡೆ ಪೂರ್ತಿ ಆರಿದ ಮೇಲೆ, ನವೆಂಬರ್ ನಂತರ, ಕೆಲಸ ಹಿಡಿಯಿರಿ. ಹಳೆಯ ಪ್ಲಾಸ್ಟಿಕ್ ಇಮಲ್ಷನ್ ಬಣ್ಣ ಇದ್ದರೆ ಕೆರೆದು ತೆಗೆಯಲೇಬೇಕು; ಅದರ ಮೇಲೆ ಸುಣ್ಣ ಕಚ್ಚುವುದಿಲ್ಲ, ಹಕ್ಕಳೆ ಏಳುತ್ತದೆ. ನೆನೆಸಿ ಸೋಸಿದ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕದಡಿ. ಕೆನೆಬಣ್ಣ ಬೇಕಾದರೆ ಕಿಲೋ ಸುಣ್ಣದ ಪುಡಿಗೆ 50 ಗ್ರಾಂ ಹಳದಿ ಆಕ್ಸೈಡ್ ಸಾಕು. 100 ಗ್ರಾಂ ದಾಟಿದರೆ ಬಣ್ಣ ಕೈಗೆ ಮೆತ್ತುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣು ಸುಡುತ್ತದೆ. ಗೋಡೆಗೆ ನೀರು ಚಿಮುಕಿಸಿ, ಅಗಲ ಬ್ರಶ್ಶಿನಿಂದ ಅಡ್ಡಾದಿಡ್ಡಿ ಬಳಿಯಿರಿ. ಹಸಿಯಿದ್ದಾಗ ಬಳಿದದ್ದೇ ಕಾಣುವುದಿಲ್ಲ, ಆರಿದಂತೆ ಬಿಳುಪು ಏರುತ್ತದೆ. ಇದು ತಿಳಿಯದವರು ದಪ್ಪ ಬಳಿದು, ಆಮೇಲೆ ಪುಡಿ ಉದುರಿತೆಂದು ಗೊಣಗುತ್ತಾರೆ. ದಿನಕ್ಕೊಂದರಂತೆ ಮೂರು ಕೋಟ್.

ಮೇಲಂಚಿಗೆ ಫ್ರೆಂಚ್ ಹೂಬಳ್ಳಿಯೇ ಆಗಬೇಕೆಂದಿಲ್ಲ. ನಮ್ಮ ಕರಾವಳಿಯ ಗುಡಿಗಳ ಕಾವಿ ಚಿತ್ತಾರದ ಕೆಂಪು ಪಟ್ಟಿ, ಒಂದು ಗೇಣು ಅಗಲ, ಕೆನೆ ಗೋಡೆಗೆ ಚೆನ್ನಾಗಿ ಒಪ್ಪುತ್ತದೆ.

ಪರದೆಗೆ ಒಂದೇ ಬಣ್ಣದ ಅಚ್ಚಿನ ಹತ್ತಿಬಟ್ಟೆ ತನ್ನಿ. ಸಂಕೋಚ ಬೇಡ: ಭಾರತದ ಅಚ್ಚುಬಟ್ಟೆಗೆ ಫ್ರಾನ್ಸ್ ಮರುಳಾಗಿ, 1686ರಲ್ಲಿ ಅದನ್ನು ನಿಷೇಧಿಸಬೇಕಾಯಿತು. 1759ರಲ್ಲಿ ನಿಷೇಧ ತೆರವಾದ ಮರುವರ್ಷವೇ ಜೂಯಿ ಊರಿನ ಹೆಸರಾಂತ ಅಚ್ಚುಬಟ್ಟೆ ಕಾರ್ಖಾನೆ ಶುರುವಾಯಿತು. ಪರದೆ ನೆಲ ಮುಟ್ಟಿ ಮಡಿಕೆ ಬೀಳುವುದು ಅಲ್ಲಿನ ಚೆಂದ. ಇಲ್ಲಿ ಆಷಾಢದ ತೇವಕ್ಕೆ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಎರಡು ಇಂಚು ಮೇಲಕ್ಕೇ ಹೊಲಿಸಿ.

ಚಿನ್ನದ ಚೌಕಟ್ಟಿನ ಕನ್ನಡಿಯ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ. ಗಾಳಿಯಾಡದೆ ಗೋಡೆಗೆ ಅಂಟಿಕೊಂಡರೆ ಉಪ್ಪುತೇವಕ್ಕೆ ಅಂಚಿನಿಂದ ಕಪ್ಪು ಕಲೆ ಹಬ್ಬುತ್ತದೆ.