ಇಂಟರ್‌ವ್ಯೂದಾಗ ಆಗ್ಲಿಲ್ಲಂದ್ರ ಅವತ್ತ ರಾತ್ರಿ ಇಷ್ಟ ಮಾಡ್ರಿ

ಬೆಳಗಾವಿ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾಕ್ಕ ಇಂಟರ್‌ವ್ಯೂಗೆ ಹೋಗಿ "ಆಗ್ಲಿಲ್ರಿ" ಅಂತ ಗ್ರೂಪಿನ್ಯಾಗ ಭಾಳ ಮಂದಿ ಬರದೀರಿ. ಓದಿ ಮನಸ್ಸಿಗೆ ಕೆಟ್ಟನಿಸ್ತು. ಬ್ಯಾಸರ ಆಗೂದ, ಮನ್ಯಾಗ ಮುಚ್ಚಿಡಬ್ಯಾಡ್ರಿ. ಆದ್ರ ಮಲಗೂಕಿಂತ ಮೊದಲ ಅವರು ಕೇಳಿದ ಪ್ರಶ್ನೆ ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಬರದಿಡ್ರಿ, ಮರುದಿನಕ್ಕ ಅರ್ಧ ಮರತಿರತಾವ. ಎಲ್ಲಿ ತಡವರಿಸಿದ್ರಿ ಅಲ್ಲಿ ಗುರುತು ಹಾಕ್ರಿ. "ನಾನು ಏನೂ ಬರದಾಂವ" ಅನ್ನೂ ಭಾವನೆ ಹೋಗಿ "ಈ ಮೂರು ಬರಲಿಲ್ಲ" ಅನ್ನೂದು ಕಣ್ಣಿಗೆ ಕಾಣತೈತಿ. ನನ್ನ ಪ್ರಕಾರ ಇದ ಎಲ್ಲಾಕಿಂತ ದೊಡ್ಡ ಧೈರ್ಯ.

ನಮ್ಮ ಬೆಳಗಾವಿ ಫೌಂಡ್ರಿ (ಎರಕದ ಕಾರ್ಖಾನಿ), ಮಷೀನ್ ಶಾಪ್ ಕೆಲಸಕ್ಕ ಡ್ರಾಯಿಂಗ್ ಓದೂದು, ಟಾಲರೆನ್ಸ್ (ಅಳತಿಯೊಳಗ ಎಷ್ಟು ಹೆಚ್ಚು-ಕಡಿಮಿ ನಡೀತೈತಿ ಅನ್ನೂದು), ಅಳತಿ ತಗೊಳ್ಳೂದು ಬೇಕ ಬೇಕು. ಸಾದಾ ಮೈಕ್ರೋಮೀಟರ್ 0.01 ಮಿ.ಮೀ. ತನಕ ಅಳೀತೈತಿ, ಇದನ್ನ ಬಾಯಿಪಾಠ ಮಾಡಿದ್ರ ಸಾಲೂದಿಲ್ಲ. ಐಟಿಐದಾಗ ಕಲಿಯೂ ಗೆಳೆಯರ ಕಡೆ ಹೋಗಿ ಕೈಯಾಗ ಹಿಡದು ನಾಕು ಪೀಸ್ ಅಳದು ನೋಡ್ರಿ.

ಎರಡು ದಿನ ಬಿಟ್ಟು ಎಚ್‌ಆರ್‌ಗೆ ಮೆಸೇಜ್ ಹಾಕ್ರಿ: "ಸರ್, ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ನಾನು ಯಾವುದರಲ್ಲಿ ಸುಧಾರಿಸಬೇಕು ಅಂತ ತಿಳಿಸಿದರೆ ಉಪಕಾರವಾಗುತ್ತದೆ." ಉತ್ತರ ಬರಲಿಲ್ಲಂದ್ರ ಬಿಟ್ಟುಬಿಡ್ರಿ.

ಪಾಸಾಗಿ 180 ದಿನ ಆದ್ರೂ ಕೆಲಸ ಸಿಗದವ್ರು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನ್ಯಾಗ ಯುವನಿಧಿ ಅನ್ನೂ ನಿರುದ್ಯೋಗ ಭತ್ಯೆ ನೋಡ್ರಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವ್ರಿಗೆ 1,500 ರೂಪಾಯಿ, ಹೆಚ್ಚಂದ್ರ 2 ವರ್ಷ. ಬಸ್ಸಿಗೆ, ಜೆರಾಕ್ಸಿಗೆ ಅಪ್ಪನ ಮುಂದ ಕೈ ಚಾಚೂದು ತಪ್ಪತೈತಿ. ಅರ್ಜಿ ತುಂಬೂವಾಗ ಏನರ ತಿಳಿಲಿಲ್ಲಂದ್ರ ಇಲ್ಲೇ ಕೇಳ್ರಿ, ಹೇಳತೀನಿ.